ತನಿಯನ ಫೋನು

"ಒತ್ತೋ ಬೇವರ್ಸಿ! ಸರಿಯಾಗಿ ಒತ್ತು!"

ಯಜ್ಞೇಶ್ ತನಿಯನ ಹೆಬ್ಬೆರಳನ್ನು ಹಿಡಿದು ನಾಲ್ಕನೇ ಸಲ ಫೋನಿಗೆ ಒತ್ತಿಸಿದ. ಊರಿನಲ್ಲಿ ಈ ಯಜ್ಞೇಶನ ಅಪ್ಪನ ಅಂಗಳದಲ್ಲಿ ನಾನೋ ತನಿಯನೋ ಚೊಂಬು ಮುಟ್ಟಿದರೆ ನೀರು ಚೆಲ್ಲುತ್ತಿದ್ದರು. ಇಲ್ಲಿ ಮಗರಾಯ ನಮ್ಮ ಬೆರಳನ್ನೇ ಹಿಡಿಯುತ್ತಾನೆ. ಕತಾರ್ ಎಂಥೆಂಥವರ ಮಡಿಯನ್ನು ಬಿಡಿಸಿದೆ ನೋಡಿ.

"ಬೆರಳಿಗೆ ತೆರೆಯುದಿಲ್ಲ ಧಣಿ. ಸಿಮೆಂಟು ತಿಂದಿದೆ," ಎಂದ ತನಿಯ.

ಸುಳ್ಳಲ್ಲ. ಹದಿನೈದು ವರ್ಷ ಗಾರೆ ಕಲಸಿದ ಕೈಯಲ್ಲಿ ಗೆರೆ ಎಲ್ಲಿಂದ ಬರಬೇಕು? ಅದಕ್ಕೇ ಅವನ ಮುಖ ತೋರಿಸಿದರೆ ತೆರೆಯುವ ಹಾಗೆ ನಾನೇ ಮಾಡಿಕೊಟ್ಟಿದ್ದೆ. ಅದನ್ನು ಹೇಳುವಷ್ಟರಲ್ಲಿ ಯಜ್ಞೇಶನ ಸನ್ನೆಗೆ ಇಬ್ಬರು ಕಾವಲುಗಾರರು ತನಿಯನ ಮೇಲೆ ಬಿದ್ದಿದ್ದರು. ಮೂಗು ಒಡೆಯಿತು. ಒಂದು ಕಣ್ಣು ಮುಚ್ಚಿಹೋಯಿತು. ಆಮೇಲೆ ಕೂದಲು ಹಿಡಿದು ತಲೆ ಎತ್ತಿ ಫೋನಿಗೆ ಮುಖ ತೋರಿಸಿದರು. ಊದಿದ ಆ ಮುಖ ಯಾರದೆಂದು ಫೋನಿಗೂ ಗುರುತು ಸಿಗಲಿಲ್ಲ.

ಉಮ್ಮ್ ಸಲಾಲ್ ದಾಟಿದ ಮೇಲೆ ಸಿಗುವ ನಮ್ಮ ಕ್ಯಾಂಪಿನ ಊಟದ ಕೋಣೆ ಅದು. ಶುಕ್ರವಾರ, ರಜೆ. ಅರವತ್ತು ಮಂದಿ ಗೋಡೆಗೆ ಸಾಲಾಗಿ ನಿಂತಿದ್ದೆವು. ಕ್ಯಾಂಪಿನ ಕಕ್ಕಸುಗಳಿಗೆ ಬಾಗಿಲಿಲ್ಲವೆಂದು ಯಾರೋ ವಿಡಿಯೋ ತೆಗೆದು ಮಂಗಳೂರಿನ ಪತ್ರಿಕೆಗೆ ಕಳಿಸಿದ್ದರು. ಅದು ಅಚ್ಚಾಗಿ ಕಂಪನಿಯ ಮಾನ ಹೋಗಿತ್ತು. ಬಾಗಿಲಿಲ್ಲದೆ ಕುಕ್ಕರುಗಾಲಲ್ಲಿ ಕೂರುವ ನಮಗೆ ಮಾನ ಇರಲಿಲ್ಲ, ಕಂಪನಿಗೆ ಇತ್ತು. ಕಳಿಸಿದವನನ್ನು ಹುಡುಕಲು ನಮ್ಮ ಭಾಷೆ ಬಲ್ಲ ಕ್ಯಾಂಪ್ ಇನ್‌ಚಾರ್ಜ್ ಯಜ್ಞೇಶನನ್ನು ಬಿಟ್ಟಿದ್ದರು.

ಕಳಿಸಿದ್ದು ನಾನು, ದುಗ್ಗು. ಕಳಿಸಿದ ಕೂಡಲೇ ಅಳಿಸಿಹಾಕಿದ್ದೆ. ನನ್ನ ಫೋನು ಆಗಲೇ ಪಾಸಾಗಿತ್ತು.

ಕಾವಲುಗಾರ ಕಬ್ಬಿಣದ ಸರಳಿನಿಂದ ತನಿಯನ ಮೊಣಕಾಲಿಗೆ ಬಾರಿಸಿದಾಗ ಬಂದ ಸದ್ದು ನನಗೆ ತಡೆಯಲಾಗಲಿಲ್ಲ. ತಪ್ಪು ನನ್ನದು ಎನ್ನುವ ಧೈರ್ಯವೂ ಬರಲಿಲ್ಲ. ಅವನ ಫೋನಿನಲ್ಲಿ ವಿಡಿಯೋ ಇಲ್ಲವಲ್ಲ, ತೆರೆದು ತೋರಿಸಿದರೆ ಬಿಟ್ಟುಬಿಡುತ್ತಾರೆ ಎಂದು ಲೆಕ್ಕ ಹಾಕಿದೆ.

"ಸರ್, ನಾನು ತೆರೀತೇನೆ. ಚುಕ್ಕಿ ಸೇರಿಸಿ ಗೀಟು ಎಳೆದ್ರೂ ತೆರೀತದೆ, ಕಲಿಸಿದ್ದು ನಾನೇ."

"ಬೇಡ ದುಗ್ಗು!" ತನಿಯ ನೆಲದಿಂದ ಕೂಗಿದ. ನಾನು ತೆರೆದೆ.

ವಿಡಿಯೋ ಇರಲಿಲ್ಲ. ಯಜ್ಞೇಶ್ ಅಷ್ಟಕ್ಕೆ ಬಿಡುವವನಲ್ಲ. ಹೆಂಡತಿ ಬಾಗಿಯ ಹೆಸರಿನ ಮೇಲೆ ಬೆರಳಿಟ್ಟ. ಓದು ಬರಹ ಬಾರದ ಗಂಡ ಹೆಂಡತಿ, ಎಲ್ಲವನ್ನೂ ಮಾತಾಡಿ ರೆಕಾರ್ಡು ಮಾಡಿ ಕಳಿಸಿಕೊಳ್ಳುವವರು.

"ಅದು ಬೇಡ ಧಣಿ. ಕಾಲಿಗೆ ಬೀಳ್ತೇನೆ," ಎಂದ ತನಿಯ. ಅಷ್ಟು ಹೊಡೆತಕ್ಕೂ ಬೇಡದವನು ಆಗ ಬೇಡಿದ.

ಬಾಗಿಯ ದನಿ ಕೋಣೆಯಲ್ಲಿ ತುಂಬಿತು. "ನೋಡಿ, ಎಡದ ಮೊಲೆ ಪೂರಾ ತೆಗೀಬೇಕಂತೆ. ಈ ಸೋಮವಾರ ಅಲ್ಲ, ಅದರ ಮುಂದಿನದ್ದು. ಮಕ್ಕಳಿಗೂ ಹೇಳ್ಲಿಲ್ಲ, ನಿಮಗೊಬ್ರಿಗೇ ಹೇಳುದು. ಬಂದ ಮೇಲೆ ನನ್ನನ್ನು ನೋಡ್ಲಿಕ್ಕೆ ನಿಮಗೆ ಅಸಹ್ಯ ಆಗ್ತದಾ? ಇಲ್ಲ ಅಂತ ಒಂದು ಮಾತು ಹೇಳಿ. ಹೇಳಿದ್ರೆ ಆಪರೇಷನ್‌ಗೆ ಹೋಗ್ತೇನೆ. ಇಲ್ಲದಿದ್ರೆ ಬೇಡ."

ಹಿಂದಿನ ದಿನ ಬಂದ ಮಾತು. ಹನ್ನೆರಡು ಮಂದಿ ಮಲಗುವ ಕೋಣೆಯಲ್ಲಿ ಅದಕ್ಕೆ ಉತ್ತರ ಹೇಳಲು ಮೂಲೆಯಿಲ್ಲದೆ ತನಿಯ ಇಡೀ ದಿನ ಒದ್ದಾಡಿದ್ದ.

ಯಜ್ಞೇಶ್ ಕಾವಲುಗಾರರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದ. "ಏಕ್ ಗಯಾ, ಏಕ್ ಬಾಕಿ!" ಎಂದು ಎರಡು ಬೆರಳೆತ್ತಿ ಒಂದನ್ನು ಮಡಚಿದ. ಮೂವರೂ ನಕ್ಕರು. ಫೋನು ಅವನ ಜೇಬಿಗೆ ಹೋಯಿತು.

ಮಾರನೆಯ ದಿನದಿಂದ ವೆಸ್ಟ್ ಬೇಯ ಕೆಲಸಕ್ಕೆ ಹೋಗುವ ಬಸ್ಸು ಹತ್ತುವಾಗ ಕಾವಲುಗಾರರು ತನಿಯನಿಗೆ ಆ ಎರಡು ಬೆರಳು ತೋರಿಸತೊಡಗಿದರು. ತನಿಯ ಕುಂಟುತ್ತಾ ಹತ್ತುತ್ತಿದ್ದ.

ಗುರುವಾರ ಬಾಗಿ ನನಗೆ ಫೋನು ಮಾಡಿದಳು. "ದುಗ್ಗಣ್ಣ, ಅವರಿಗೆ ಅಸಹ್ಯ ಆಗಿದೆ ಅಂತ ಕಾಣ್ತದೆ. ಮಾತೇ ಇಲ್ಲ. ನಾಳೆ ಆಸ್ಪತ್ರೆಗೆ ಹೋಗಿ ಬೇಡ ಅಂತ ಹೆಬ್ಬೆಟ್ಟು ಒತ್ತಿ ಬರ್ತೇನೆ."

ಅವನ ಫೋನು ಕಸಿದುಕೊಂಡಿದ್ದಾರೆ ಎಂದರೂ ನಂಬಲಿಲ್ಲ. ನಾನು ಓಡಿ ಹೋಗಿ ತನಿಯನ ಮುಂದೆ ಫೋನು ಹಿಡಿದೆ. ಅವನು ನನ್ನ ಕಾಲ ಬಳಿ ಉಗುಳಿದ.

"ಎಲ್ಲಿ ಮಾತಾಡುದು ಮಾರಾಯ? ಈ ಕ್ಯಾಂಪಲ್ಲಿ ಅರವತ್ತು ಮಂದಿಯ ಕಿವಿ ಉಂಟು. ಅವಳ ಮಾನ ತೆಗೆದದ್ದು ಸಾಲದಾ?"

ಮರುದಿನ ಶುಕ್ರವಾರ. ಬೆಳಿಗ್ಗೆ ಮತ್ತೆ ಅದೇ ಊಟದ ಕೋಣೆ, ಮತ್ತೆ ಸಾಲು. ಹೆಡ್ಡಾಫೀಸಿನಿಂದ ಬಂದಿದ್ದ ಒಬ್ಬನಿಗೆ ಕಾಫಿ ಕೊಟ್ಟು ಕೂರಿಸಿ, ಯಜ್ಞೇಶ್ ನಾನು ತೋರಿಸಿದ್ದ ಗೀಟು ಎಳೆದು ತನಿಯನ ಫೋನನ್ನು ಮೇಜಿನ ಮೇಲಿಟ್ಟ.

"ಬಾರೋ ತನಿಯ. ಸಾಹೇಬ್ರಿಗೆ ನಿನ್ನ ಹೆಂಡ್ತಿಯ ಪದ ಕೇಳಿಸುವಾ."

ತನಿಯ ಬಂದ. ಹೆಗಲ ಮೇಲೆ ಮೈ ಒರಸುವ ಬೈರಾಸು, ಸುರುಳಿ ಸುತ್ತಿದ್ದು. "ನೋಡಿ, ಎಡದ" ಎಂದು ಬಾಗಿಯ ದನಿ ಹೊರಟಿತ್ತು, ಅಷ್ಟೇ. ಬೈರಾಸಿನೊಳಗಿಂದ ಕಲ್ಲು ಒಡೆಯುವ ಸುತ್ತಿಗೆ ಬಂದು ಫೋನಿನ ಮೇಲಿದ್ದ ಯಜ್ಞೇಶನ ಕೈ ಮೇಲೆ ಬಿತ್ತು. ಮತ್ತೊಮ್ಮೆ ಬಿತ್ತು. ಗಾಜು, ಎಲುಬು, ಕಾಫಿ ಎಲ್ಲ ಒಂದಾಯಿತು. ಹೆಡ್ಡಾಫೀಸಿನವನೂ ಕಾವಲುಗಾರರೂ ಬಾಗಿಲಿಗೆ ಓಡಿದರು. ಅವರು ಹೊರಗೆ ಬಿದ್ದದ್ದೇ ತಡ, ಕ್ಯಾಂಪಿನ ಅಡುಗೆಯವ ಸಲಾಂ ಬಾಗಿಲಿಗೆ ಅಗುಳಿ ಹಾಕಿ, "ಖಲಾಸ್," ಎಂದ.

ಯಜ್ಞೇಶ್ ಮೇಜಿನಡಿ ಉರುಳಾಡಿ ಅರಚುತ್ತಿದ್ದ. ತನಿಯ ಅವನ ಬಾಯಿಗೆ ಬೈರಾಸು ತುರುಕಿ, ಉಳಿದದ್ದನ್ನು ಕಿವಿಗೆ ಸುತ್ತಿ ಬಿಗಿದ.

"ವಿಡಿಯೋ ಕಳಿಸಿದ್ದು ನಾನು," ಎಂದೆ. ಒಂದು ವಾರ ತಡವಾಗಿತ್ತು. ನನ್ನ ಫೋನಿನಲ್ಲಿ ಬಾಗಿಯ ನಂಬರು ಒತ್ತಿ ತನಿಯನಿಗೆ ಕೊಟ್ಟೆ. ಈ ಸಲ ತೆಗೆದುಕೊಂಡ. ಅವನ ಕೈಯ ರಕ್ತ ಗಾಜಿಗೆ ಮೆತ್ತಿತು. ಫೋನು ರಿಂಗಾಗುತ್ತಿತ್ತು. ಅವನು ತಲೆಯೆತ್ತಿ ನಮ್ಮೆಲ್ಲರ ಮುಖ ನೋಡಿದ.

ಮೊದಲು ಗೋಡೆಯ ಕಡೆ ತಿರುಗಿದವನು ಸಲಾಂ. ಎರಡೂ ಕಿವಿಗೆ ಬೆರಳು ಹಾಕಿಕೊಂಡ. ಅವನ ಪಕ್ಕದವನು ತಿರುಗಿದ. ಆಮೇಲೆ ಇಡೀ ಸಾಲು ಬೆನ್ನು ಹಾಕಿ ಕಿವಿ ಮುಚ್ಚಿಕೊಂಡಿತು. ಕೊನೆಯವನು ನಾನು.

ಹೊರಗಿನಿಂದ ಬಾಗಿಲು ಒಡೆಯುತ್ತಿದ್ದರು. ಹಣೆಗೆ ತಾಗಿದ ಗೋಡೆ ಅದುರುತ್ತಿತ್ತು. ಅಗುಳಿ ಮುರಿಯುವ ತನಕ ತನಿಯ ಬಾಗಿಯ ಹತ್ತಿರ ಮಾತಾಡಿದ. ಏನು ಹೇಳಿದನೋ, ಆ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ.