ಕಮಲಾಪುರಕ್ಕೆ ಪ್ರಥಮ

ಕಮಲಾಪುರ ಬಸ್ ನಿಲ್ದಾಣದ ಎದುರು, ನಮ್ಮಪ್ಪನ ಬಾಳೆಹಣ್ಣಿನ ಅಂಗಡಿಯ ಮೇಲೆ ನನ್ನ ಫ್ಲೆಕ್ಸ್ ಇತ್ತು. ‘ದ್ವಿತೀಯ ಪಿಯುಸಿ ವಿಜ್ಞಾನ, 571 ಅಂಕ, ಕಮಲಾಪುರಕ್ಕೆ ಪ್ರಥಮ, ಕುಮಾರಿ ಮಲ್ಲಿಕಾ.’ ನಮ್ಮಣ್ಣ ಶಿವಶರಣ ಏನನ್ನೂ ಸಾಧಿಸದೆ ಗಣಪತಿ ಹಬ್ಬಕ್ಕೊಮ್ಮೆ, ತನ್ನ ಹುಟ್ಟುಹಬ್ಬಕ್ಕೊಮ್ಮೆ ಕರಿ ಕನ್ನಡಕ ಹಾಕಿಕೊಂಡು ಅದೇ ಜಾಗದಲ್ಲಿ ಮೆರೆಯುತ್ತಿದ್ದ. ನನ್ನ ಮುಖ ಅಲ್ಲಿಗೆ ಏರಿದ್ದು ಅದೇ ಮೊದಲು. ಅಪ್ಪ ಗಿರಾಕಿಗೆ ಹಣ್ಣು ಕೊಡುವ ಮೊದಲು ಫ್ಲೆಕ್ಸ್ ತೋರಿಸುತ್ತಿದ್ದ.

ನನ್ನ ಗೆಳತಿ ಕಾವೇರಿಗೆ 548 ಬಂದಿತ್ತು. ಎರಡು ವರ್ಷ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಕಲಬುರಗಿಯ ಕಾಲೇಜಿಗೆ ಹೋಗಿ ಬಂದವರು. ಅಂಗನವಾಡಿಯಲ್ಲಿ ಕೆಲಸ ಮಾಡುವ ಅವಳವ್ವ ಬಂಡೆಮ್ಮ ಇಷ್ಟೇ ಸಾಕೆಂದರೂ ಕೇಳದೆ, ಎರಡನೇ ಪರೀಕ್ಷೆಯಲ್ಲಿ ಭೌತಶಾಸ್ತ್ರ, ಗಣಿತ ಮತ್ತೆ ಬರೆಯಲು ಹೊರಟಳು. ವರ್ಷಕ್ಕೆ ಮೂರು ಸಲ ಪರೀಕ್ಷೆ, ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದನ್ನೇ ಹಿಡಿಯುತ್ತಾರೆ, ಕಳೆದುಕೊಳ್ಳುವುದೇನೂ ಇರಲಿಲ್ಲ.

“ಫಿಸಿಕ್ಸ್ ಹೇಳಿಕೊಡ್ತಿ ಏನ್, ಮಲ್ಲಿ?”

ದೊಡ್ಡ ಮನಸ್ಸು ಮಾಡಿ ಒಪ್ಪಿದೆ. ಫಸ್ಟ್ ಬಂದವರಿಗೆ ದೊಡ್ಡ ಮನಸ್ಸು ಮಾಡುವುದೇನೂ ಕಷ್ಟವಲ್ಲ. ಅಂಗಡಿಯ ಪಕ್ಕದ ಕಟ್ಟೆಯ ಮೇಲೆ, ನನ್ನದೇ ಫ್ಲೆಕ್ಸಿನ ನೆರಳಲ್ಲಿ ಪಾಠ ನಡೆಯಿತು. ಅವಳು ತಪ್ಪಿದಾಗಲೆಲ್ಲ ಪೆನ್ನಿನಿಂದ ಕಟ್ಟೆ ಕುಟ್ಟಿ, “ಮತ್ತೊಮ್ಮೆ ಮಾಡು” ಎನ್ನುತ್ತಿದ್ದೆ. ಬಹಳ ಖುಷಿಯಾಗುತ್ತಿತ್ತು.

ಫಲಿತಾಂಶ ಬಂತು. ಕಾವೇರಿಗೆ 579. ಗಣಿತದಲ್ಲಿ ನೂರಕ್ಕೆ ನೂರು.

ಓಡಿ ಬಂದವಳೇ ನನ್ನ ಬಾಯಿಗೆ ಪೇಡೆ ತುರುಕಿದಳು. “ಎಲ್ಲಾ ಈಕೀನೇ ಹೇಳಿಕೊಟ್ಟಾಳ!” ಎಂದು ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗಿದಳು. ಅವಳು ಜಂಬ ಕೊಚ್ಚಿಕೊಂಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಉಪಕಾರ ಸ್ಮರಿಸುತ್ತಾಳಲ್ಲ, ಅದಕ್ಕೆ ಮೈಯೆಲ್ಲ ಉರಿಯಿತು.

“ಅಣವೀರಪ್ಪನವರ, ಮ್ಯಾಲಿಂದು ಇಳಸಂಗಿಲ್ಲೇನ್ರೀ? ಈಗ ಬಂಡೆಮ್ಮನ ಮಗಳು ಫಸ್ಟ್ ಅಂತಲ್ಲ,” ಎಂದು ಬಸ್ಸಿನ ಕಂಡಕ್ಟರ್ ಅಪ್ಪನನ್ನು ಕೇಳಿ ನಕ್ಕ.

“ಎರಡನೇ ಸಲದ್ದು ಯಾರ್ ಲೆಕ್ಕಕ್ಕ ಹಿಡೀತಾರ್ರೀ?” ಎಂದ ಅಪ್ಪ. ಫ್ಲೆಕ್ಸ್ ಇಳಿಸಲಿಲ್ಲ. ಆದರೆ ಅಂದಿನಿಂದ ಗಿರಾಕಿಗಳಿಗೆ ತೋರಿಸುವುದನ್ನು ಬಿಟ್ಟ. ನಾನು ಅದನ್ನೇ ನೋಡುತ್ತಿದ್ದೆ.

“ಅಪ್ಪಾ, ನಾನೂ ಮೂರನೇ ಪರೀಕ್ಷಾ ಬರೀತೀನಿ.”

“ಹುಚ್ಚಿ! ಫಸ್ಟ್ ಬಂದಾಕಿ ಮತ್ತ ಬರದ್ರ ಮಂದಿ ನಗಂಗಿಲ್ಲೇನು?”

ಟಿ.ಸಿ. ತರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಕಲಬುರಗಿಗೆ ಹೋದೆ. ಗಣಿತದಲ್ಲಿ ನನಗಿದ್ದದ್ದು 91. ನೂರು ಬಂದರೆ ಒಟ್ಟು 580, ಅವಳಿಗಿಂತ ಒಂದು ಹೆಚ್ಚು. ಬಸ್ಸಿನುದ್ದಕ್ಕೂ ಆ ಒಂದನ್ನೇ ಚಪ್ಪರಿಸುತ್ತ ಹೋದೆ.

ಕಾಲೇಜಿನ ಕೌಂಟರಿನಲ್ಲಿ ಪರೀಕ್ಷೆಯ ಶುಲ್ಕ ಕಟ್ಟಿ ತಿರುಗಿದರೆ ಹಿಂದೆ ಕಾವೇರಿ! ನಿಜವಾಗಿ ಟಿ.ಸಿ. ಒಯ್ಯಲು ಬಂದವಳು ಅವಳು. ನನ್ನ ಕೈಯಲ್ಲಿದ್ದ ರಸೀದಿ ನೋಡಿದಳು.

“ಗಣಿತ ಏನು?” ಎಂದಳು. ಅವಳ ತುಟಿ ಲೆಕ್ಕ ಹಾಕುವಂತೆ ಅಲುಗಿತು. “ನೂರು ಬಂದ್ರ 580. ಮತ್ತ ನೀನೇ ಫಸ್ಟ್.”

ಈಗ ನಗುತ್ತಾಳೆ, ಊರಿಗೆಲ್ಲ ಹೇಳುತ್ತಾಳೆ ಎಂದುಕೊಂಡು ನೆಲ ನೋಡುತ್ತ ನಿಂತೆ. ಅವಳ ಜಾಗದಲ್ಲಿ ನಾನಿದ್ದರೆ ಅದನ್ನೇ ಮಾಡುತ್ತಿದ್ದೆ.

“ನಾಳೆ ಮುಂಜಾನೆ ಅಂಗಡಿ ಕಟ್ಟಿ ಮ್ಯಾಲ ಬಾ. ಈ ಸಲ ನಾ ಹೇಳಿಕೊಡ್ತೀನಿ,” ಎಂದಳು.

ಬೇಡ ಎನ್ನಬೇಕಿತ್ತು. ಆದರೆ ಆ ಒಂದು ಅಂಕ ಬಿಡಲಿಲ್ಲ. ಮರುದಿನ ಅವಳು ಕೂರುತ್ತಿದ್ದ ಜಾಗದಲ್ಲಿ ನಾನು ಕುಳಿತೆ. ಮೇಲೆ ನನ್ನದೇ ಮುಖ ನಗುತ್ತಿತ್ತು. ಮೊದಲನೇ ಲೆಕ್ಕವೇ ತಪ್ಪಿತು.

ನಾನಾಗಿದ್ದರೆ ಕಟ್ಟೆ ಕುಟ್ಟುತ್ತಿದ್ದೆ. ಅವಳು ಕುಟ್ಟಲಿಲ್ಲ. ಹತ್ತಿರ ಸರಿದು, ಎಲ್ಲಿ ತಪ್ಪಿತೆಂದು ಮೆಲ್ಲಗೆ ಬಿಡಿಸಿ ಹೇಳಿದಳು. ಲೆಕ್ಕ ಒಂದೇ ಸಲಕ್ಕೆ ತಿಳಿಯಿತು. ಹೇಳಿಕೊಡುವುದರಲ್ಲೂ ಅವಳು ನನಗಿಂತ ಮುಂದಿದ್ದಳು, ಮತ್ತು ಅದಕ್ಕೆ ಯಾವ ಮೂರನೇ ಪರೀಕ್ಷೆಯೂ ಇರಲಿಲ್ಲ.