ಎರಡೂ ಮಾತು ನನ್ನ ಬಾಯಿಂದಲೇ

ನಾನು ಮೈಕು. ದೆಹಲಿಯ ಇಕ್ಕಟ್ಟಾದ ಕಾರ್ಖಾನೆಯೊಂದರಲ್ಲಿ ನನಗೆ ಜೀವ ಬಂತು. ಕರಾವಳಿಯ ಒಂದು ಮೀನುಗಾರಿಕೆ ಬಂದರಿನಲ್ಲಿ ಸೌಂಡ್ಸ್ ಅಂಗಡಿ ಇಟ್ಟಿದ್ದ ಸೇಸಪ್ಪಣ್ಣ ನನ್ನನ್ನು ಕೊಂಡು ತಂದರು. ಮದುವೆ, ಕಬಡ್ಡಿ ಪಂದ್ಯ, ಶಾಲೆಯ ವಾರ್ಷಿಕೋತ್ಸವ, ಎಲ್ಲಕ್ಕೂ ಹೋದೆ. ನನಗೆ ಸ್ವಂತ ಮಾತಿಲ್ಲ. ಎದುರು ನಿಂತವರ ಮಾತೇ ನನ್ನದು. ನನ್ನ ಸಂಕಟವೂ ಅದೇ.

ಊರಿನ ಹುಡುಗರೆಲ್ಲ ದುಬೈ, ಕುವೈತ್ ಸೇರಿ ದೋಣಿಗೆ ಜನ ಸಿಗದಂತಾದಾಗ ಬಂದರಿನ ಮುಂದಾಳು ದಯಾನಂದ ಸಾಲಿಯಾನ್ ನನ್ನ ಮುಂದೆ ನಿಂತರು. "ಒಡಿಶಾದವರು ಬರಲಿ ಮಾರಾಯ್ರೆ. ಅವರೂ ನಮ್ಮ ಅಣ್ಣತಮ್ಮಂದಿರೇ ಅಲ್ವಾ? ಈ ಬಂದರು ಅವರದ್ದೂ ಹೌದು" ಎಂದರು.

ಹಾಗೆ ಬಂದವನು ನಿರಾಕರ ಬೆಹೆರಾ. ಅವನು ದೋಣಿ ಹತ್ತಿದ. ಹೆಂಡತಿ ಕುನಿ ಮೀನು ಕತ್ತರಿಸುವ ಕೆಲಸಕ್ಕೆ ಸೇರಿದಳು. ಮಗಳು ಮಿತಾಲಿ ಕನ್ನಡ ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನೆದುರು ಒಂದಕ್ಷರ ತಪ್ಪದೆ ಪದ್ಯ ಹೇಳಿದಳು.

ಚುನಾವಣೆ ಬಂತು. ಸಾಲಿಯಾನರೂ ಕಣಕ್ಕಿಳಿದರು. 'ಹೊರಗಿನವರು' ಎಂದು ಕೂಗಿ ಎದುರಾಳಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ಅದನ್ನು ಕಂಡ ಸಾಲಿಯಾನರು ಅವನಿಗಿಂತ ಜೋರಾಗಿ ಕೂಗಿದರು: "ಹೊರಗಿನವರಿಗೆ ಇಲ್ಲಿ ಜಾಗ ಇಲ್ಲ! ಅವರಿಗೆ ಮನೆ ಬಾಡಿಗೆಗೆ ಕೊಟ್ಟವರು ಊರಿಗೆ ದ್ರೋಹ ಮಾಡಿದ ಹಾಗೆ!" ಅವರ ಎಂಜಲು ನನ್ನ ಮುಖಕ್ಕೆ ಸಿಡಿಯಿತು. ಅದೇ ಬಾಯಿ, ಅದೇ ನಾನು! ಗಂಟಲು ಕಟ್ಟಿಕೊಳ್ಳುವುದು ನನ್ನ ಕೈಯಲ್ಲಿದ್ದಿದ್ದರೆ ಅಂದೇ ಮೂಕನಾಗುತ್ತಿದ್ದೆ.

ಮರುದಿನ ಕುನಿಯ ಪಾತ್ರೆಗಳು ರಸ್ತೆಯಲ್ಲಿ ಬಿದ್ದಿದ್ದವು. "ಮಗಳ ಪರೀಕ್ಷೆ ಮುಗಿಯುವ ತನಕ ಆದ್ರೂ ಇರ್ತೇವೆ" ಎಂದು ಅವಳು ಬೇಡಿದಳು. ಮನೆಯೊಡೆಯ ಬೀಗ ಹಾಕಿಕೊಂಡು ಹೊರಟ. ಮೂವರೂ ರೈಲು ಹತ್ತಿದರು.

ಸಾಲಿಯಾನರು ಗೆದ್ದರು. ಆದರೆ ಮಳೆಗಾಲ ಕಳೆದ ಮೇಲೂ ದೋಣಿಗಳು ಆಳುಗಳಿಲ್ಲದೆ ತಿಂಗಳುಗಟ್ಟಲೆ ದಡದಲ್ಲೇ ನಿಂತವು. ಮಾಲೀಕರು ಗಲಾಟೆ ಎಬ್ಬಿಸಿದರು. ಒಡಿಶಾಕ್ಕೆ ಫೋನುಗಳು ಹೋದವು. ಮರಳಿ ಬಂದವರಿಗೆ ಸ್ವಾಗತ ಸಭೆ, ಹೂಹಾರ! "ಇವರನ್ನು ಹೋಗಿ ಅಂತ ನಾನು ಯಾವತ್ತೂ ಹೇಳ್ಲಿಲ್ಲ" ಎಂದರು ಸಾಲಿಯಾನರು. ಆ ಸುಳ್ಳನ್ನೂ ನಾನೇ ಊರಿಗೆಲ್ಲ ಸಾರಬೇಕಾಯಿತು.

ಎರಡು ಮಾತು ಹೇಳಲು ಕುನಿಯನ್ನು ಕರೆದರು. ಅವಳು ಹಾರವನ್ನು ಮೇಜಿನ ಮೇಲಿಟ್ಟಳು.

"ನಮ್ಮ ಪಾತ್ರೆ ರಸ್ತೆಗೆ ಬಿಸಾಡಿದ್ರಲ್ಲ ಸರ್, ಅದು ಯಾರ ಮಾತು ಕೇಳಿ? ನಮಗೆ ಕನ್ನಡ ಬರ್ತದೆ. ನೀವು ಹೇಳಿದ್ದು ಆಗಲೂ ಅರ್ಥ ಆಗಿತ್ತು."

"ಸೇಸಪ್ಪ, ಮೈಕ್ ಬಂದ್ ಮಾಡು!" ಸಾಲಿಯಾನರು ಗುಡುಗಿದರು.

"ನೀವು ಮಾತಾಡುವಾಗ ನಾನು ಯಾವತ್ತಾದ್ರೂ ಬಂದ್ ಮಾಡಿದ್ದುಂಟಾ?" ಎಂದ ಸೇಸಪ್ಪಣ್ಣ ಕೈಕಟ್ಟಿ ನಿಂತರು.

ಸಾಲಿಯಾನರು ನನ್ನನ್ನು ಕಿತ್ತು ನೆಲಕ್ಕೆ ಬಡಿದರು. ತಲೆ ಜಜ್ಜಿಹೋಯಿತು, ದನಿ ಅಡಗಿತು. ಸಭೆಗಳ ಕೆಲಸ ಸೇಸಪ್ಪಣ್ಣನಿಗೆ ಮತ್ತೆ ಬರಲಿಲ್ಲ.

ಈಗ ನಾನು ಅಂಗಡಿಯ ಮೂಲೆಯಲ್ಲಿದ್ದೇನೆ. ಸಾಲಿಯಾನರು ಗೆದ್ದ ಕುರ್ಚಿಯಲ್ಲೇ ಇದ್ದಾರೆ. ಎರಡು ಸಲ ಮಾತು ತಿರುಗಿಸಿದವರ ಕೂದಲೂ ಕೊಂಕಲಿಲ್ಲ. ಮಿತಾಲಿ ಮಾತ್ರ ತನಗಿಂತ ಚಿಕ್ಕವರ ಜೊತೆ, ಪರೀಕ್ಷೆ ತಪ್ಪಿಹೋದ ಅದೇ ತರಗತಿಗೆ, ತಲೆ ತಗ್ಗಿಸಿ ಈ ದಾರಿಯಲ್ಲೇ ಹೋಗುತ್ತಾಳೆ. ಅವಳು ಕಳೆದುಕೊಂಡ ವರ್ಷಕ್ಕೆ ಯಾರ ಭಾಷಣದಲ್ಲೂ ಜಾಗ ಸಿಕ್ಕಿಲ್ಲ.