ಸಮುದ್ರದೇವಿಯ ಮುಖ

ಪಾತ್ರೆ ಮಾರುವವರ ಬಸ್ಸಿಗೆ ಗೈಡಾಗಿ ಹೋಗುವುದೆಂದರೆ ನಮ್ಮ ವೃತ್ತಿಯವರಿಗೆ ಮರ್ಯಾದೆಗೇಡು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಫೆಬ್ರವರಿಯ ಚಳಿಯಲ್ಲಿ ರೋಮನರ ಹಾಳೂರು ನೋಡಲು ಯಾವ ಜರ್ಮನ್ ಪ್ರವಾಸಿಯೂ ಬರುವುದಿಲ್ಲ, ಹೊಟ್ಟೆ ಮಾತ್ರ ಫೆಬ್ರವರಿಯಲ್ಲೂ ಹಸಿಯುತ್ತದೆ. ಹಾಗಾಗಿ ೧೯೮೬ರ ಆ ಭಾನುವಾರ ಬೆಳಿಗ್ಗೆ ಏಳಕ್ಕೆ ರೊಕ್ಕಾಪೊಯಾ ಎಂಬ ಗುಡ್ಡದ ಹಳ್ಳಿಯ ಚರ್ಚಿನ ಮುಂದೆ, ಸರ್ಕಾರ ಕೊಟ್ಟ ಲೈಸೆನ್ಸನ್ನು ಕೋಟಿಗೆ ಚುಚ್ಚಿಕೊಂಡು ಬಸ್ಸಿನ ಬಾಗಿಲಲ್ಲಿ ನಿಂತಿದ್ದೆ.

ಈ ಪ್ರವಾಸದ ಮರ್ಮ ಹತ್ತುವವರಿಗೂ ಗೊತ್ತು, ಹತ್ತಿಸಿಕೊಳ್ಳುವವರಿಗೂ ಗೊತ್ತು. ಗೋಡೆಗೆ ಹಚ್ಚಿದ ಕಾಗದದಲ್ಲಿ "ಫೊಸ್ಸಾವೆಕ್ಕಿಯಾದ ಪ್ರಾಚೀನ ನಗರ, ಪರಿಣತ ಗೈಡ್, ಭರ್ಜರಿ ಊಟ, ಎಲ್ಲ ಪುಕ್ಕಟೆ" ಎಂದು ಗೇಣುದ್ದದ ಅಕ್ಷರ. ಕೆಳಗೆ ಇರುವೆಗಾತ್ರದಲ್ಲಿ "ಪಾತ್ರೆಗಳ ಪ್ರದರ್ಶನವೂ ಇರುತ್ತದೆ." ಎರಡು ಸಾವಿರ ವರ್ಷದ ನಗರಕ್ಕೆ ಮುಕ್ಕಾಲು ಗಂಟೆ, ಪಾತ್ರೆಗೆ ಮೂರು ಗಂಟೆ. ಮುದುಕಿಯರು ಚೀಲ ತೊಡೆಯ ಮೇಲಿಟ್ಟುಕೊಂಡು ಮೂರು ಗಂಟೆ ಮಿಸುಕದೆ ಕೂತು, ಪಟ್ಟಾಗಿ ಉಂಡು, ಒಂದು ಸೌಟನ್ನೂ ಕೊಳ್ಳದೆ ಮನೆಗೆ ಹೋಗುತ್ತಾರೆ. ಮಾರುವವನು ಅವರನ್ನು ಸುಸ್ತು ಮಾಡಲು ನೋಡುತ್ತಾನೆ, ಅವರು ಅವನನ್ನು. ನಾನು ನೋಡಿದ ಮಟ್ಟಿಗೆ ಸುಸ್ತಾಗುವುದು ಯಾವಾಗಲೂ ಅವನೇ.

ಆವತ್ತಿನ ಮಾರಾಟಗಾರ ಉತ್ತರದ ಕಡೆಯ ಲೋರಿಸ್. ಎಣ್ಣೆ ಹಚ್ಚಿ ಬಾಚಿದ ತಲೆ, ಜೇನು ಸುರಿಯುವ ಬಾಯಿ.

ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತವಳು ಅದಾಲ್ಜಿಸಾ. ಅರವತ್ತೆಂಟು ವರ್ಷ, ಕರಿಯ ಶಾಲು, ಚೂಪು ಗದ್ದ. ಬಸ್ಸು ಗುಡ್ಡ ಇಳಿಯುವ ಮೊದಲೇ ನನ್ನ ಮೊಣಕೈ ಹಿಡಿದು ಕಿವಿಗೆ ಬಾಯಿಟ್ಟಳು.

"ಮಗಳೇ, ಇದು ನನ್ನ ಮೂರನೇ ಪ್ರಯಾಣ. ಎರಡು ಸಲವೂ ಪಾತ್ರೆಯವರು ಗೇಟಿನ ಹತ್ರಾನೂ ಬಿಡ್ಲಿಲ್ಲ. ಈ ಸಲ ಅಲ್ಲಿರೋ ಸ್ನಾನದ ಮನೇನ ನಾನು ನೋಡ್ಲೇಬೇಕು."

"ಯಾಕಮ್ಮ, ಅಲ್ಲೇನಿದೆ?"

"ನಾನಿದೀನಿ," ಎಂದಳು.

ಕತೆ ಇಷ್ಟು. ಮದುವೆಯಾದ ವರ್ಷ ಅವಳ ಗಂಡ ಸೆತ್ತಿಮಿಯೊ ಊರಿನ ಇನ್ನೂ ಹನ್ನೊಂದು ಗಾರೆಯವರ ಜೊತೆ ಫೊಸ್ಸಾವೆಕ್ಕಿಯಾದ ಅಗೆತಕ್ಕೆ ಹೋದ. ಎರಡು ವರ್ಷ ಹದಿನೈದು ದಿನಕ್ಕೊಮ್ಮೆ ಮಾತ್ರ ಮನೆಗೆ ಬರುತ್ತಿದ್ದ. ಹೊಸ ಹೆಂಡತಿ ಮುನಿಸಿಕೊಳ್ಳದಿದ್ದೀತೆ? ಆಗ ಅವನು ಹೇಳಿದ್ದು: ಸ್ನಾನದ ಮನೆಯ ನೆಲದ ಮೇಲೆ ಕರಿ ಬಿಳಿ ಚೂರುಕಲ್ಲಿನಲ್ಲಿ ಒಬ್ಬ ಸಮುದ್ರದೇವಿ ಇದ್ದಾಳೆ, ಥೇಟ್ ನಿನ್ನದೇ ಮುಖ, ದಿನಾ ಬೆಳಿಗ್ಗೆ ಅವಳ ಮುಖ ಒರೆಸಿಯೇ ನಾನು ಕೆಲಸಕ್ಕೆ ಇಳಿಯುವುದು.

"ಐವತ್ತು ವರ್ಷ ಆಗ್ತಾ ಬಂತು. ನನಗೆ ಸಿಟ್ಟು ಬಂದಾಗೆಲ್ಲ ಅದೊಂದು ಮಾತು ಹೇಳಿ ಬಾಯಿ ಮುಚ್ಚಿಸ್ತಿದ್ದ. ಈಗ ಅವನೂ ಹೋದ. ನಿಜಾನೋ ಸುಳ್ಳೋ ನೋಡ್ಬೇಕಲ್ಲ? ಹಿಂದೆ ಕೂತಿದಾಳಲ್ಲ ಇನೆಸ್, ಅವಳಿಗೆ ಹೇಳ್ಬೇಡ. ಹೊಟ್ಟೆಕಿಚ್ಚಿನ ಮುಂಡೇದು. ಆ ವೇಲಿಯಾಗಂತೂ ಮೊದಲೇ ಬೇಡ. ನಮ್ಮಿಬ್ಬರಿಗೂ ಬೇಲಿ ವಿಷಯದಲ್ಲಿ ಹನ್ನೊಂದು ವರ್ಷದಿಂದ ಮಾತಿಲ್ಲ."

ಆ ಸಮುದ್ರದೇವಿಯನ್ನು ನಾನು ಬಲ್ಲೆ. ಮೀನಿನ ಬಾಲದ ಕುದುರೆಯ ಮೇಲೆ ಕೂತಿದ್ದಾಳೆ, ತೋಳು ತುಂಬಿದೆ, ಸೆರಗು ಗಾಳಿಗೆ ಹಾರಿದೆ. ಮುಖ ಮಾತ್ರ ಇಲ್ಲ. ಅಗೆಯುವಾಗಲೇ ಇರಲಿಲ್ಲವೆಂದು ದಾಖಲೆ ಹೇಳುತ್ತದೆ. ರೋಮನರ ಕಾಲದಲ್ಲೇ ಯಾವನೋ ಪುಣ್ಯಾತ್ಮ ಆ ಜಾಗ ಒಡೆದು ನೀರಿನ ಕೊಳವೆ ಇಳಿಸಿ ಗಾರೆ ಮೆತ್ತಿ ಹೋಗಿದ್ದಾನೆ. ಸೆತ್ತಿಮಿಯೊ ದಿನಾ ಒರೆಸುತ್ತಿದ್ದುದು ಬರೀ ಗಾರೆಯನ್ನು.

ನನಗೊಂದು ಜಂಭವಿದೆ. ಬೇರೆ ಗೈಡುಗಳು ಚಕ್ರವರ್ತಿ ಇಲ್ಲಿ ಉಂಡ, ರಾಣಿ ಅಲ್ಲಿ ಅತ್ತಳು ಎಂದು ಬಾಯಿಗೆ ಬಂದದ್ದು ಬಿಡುತ್ತಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಈಗ ಇವಳಿಗೆ ಏನು ಹೇಳಲಿ? ಅಷ್ಟರಲ್ಲಿ ನೆನಪಾಯಿತು, ಇದು ಚಳಿಗಾಲ. ಹಿಮಕ್ಕೆ ಕಲ್ಲು ಏಳಬಾರದೆಂದು ನೆಲಕ್ಕೆ ಬಟ್ಟೆ ಹಾಸಿ ಗೇಣು ಮರಳು ಸುರಿದಿರುತ್ತಾರೆ, ಏಪ್ರಿಲ್‌ವರೆಗೆ ತೆಗೆಯುವುದಿಲ್ಲ. ಬದುಕಿದೆ ಅಂದುಕೊಂಡೆ.

ಹನ್ನೊಂದಕ್ಕೆ ತಲುಪಿದೆವು. ವೇಲಿಯಾ ಮಂಡಿ ನೋವೆಂದು ಬಸ್ಸಿನಿಂದ ಇಳಿಯಲೇ ಇಲ್ಲ. ಉಳಿದವರನ್ನು ರಂಗಮಂದಿರ, ರೊಟ್ಟಿ ಅಂಗಡಿ, ಇಪ್ಪತ್ತು ಜನ ಸಾಲಾಗಿ ಕೂರುವ ಪಾಯಿಖಾನೆ ತೋರಿಸಿಕೊಂಡು ಸ್ನಾನದ ಮನೆಗೆ ಕರೆತಂದೆ. ಪಾಯಿಖಾನೆಯ ಹತ್ತಿರ ಎಲ್ಲರೂ ಕೂತು ನೋಡಿ ನಕ್ಕದ್ದರಲ್ಲೇ ಹತ್ತು ನಿಮಿಷ ಹೋಗಿತ್ತು. ಸ್ನಾನದ ಮನೆಯ ನಡುವೆ ನಿಂತ ಅದಾಲ್ಜಿಸಾ ಕೆಳಗೆ ನೋಡಿದಳು. ಗೋಡೆಯಿಂದ ಗೋಡೆಗೆ ಮರಳು.

"ಇದೇನು, ಸಮುದ್ರ ಇಲ್ಲೀತನಕ ಬಂದಿತ್ತಾ?"

ಚಳಿಗಾಲದ ವಿಷಯ ವಿವರಿಸಿದೆ. ನನ್ನ ದನಿಯಲ್ಲಿ ಸ್ವಲ್ಪ ಖುಷಿ ಇಣುಕಿರಬೇಕು, ಅವಳು ನನ್ನನ್ನು ಒಂದು ಥರಾ ನೋಡಿದಳು. ಆಮೇಲೆ ಬಗ್ಗಿ ಒಂದು ಹಿಡಿ ಮರಳನ್ನು ಎತ್ತಿ ಬೆರಳುಗಳ ನಡುವೆ ಉಜ್ಜಿ ನೋಡಿ, ಕೈ ಕೊಡವಿದಳು.

ಗೇಟಿನ ಎದುರಿನ ಹೋಟೆಲಿನಲ್ಲಿ ಊಟ. ಪಾಸ್ತಾ, ಕುರಿಮಾಂಸ, ಮೇಲೆ ವೈನ್. ಎರಡು ಗಂಟೆಗೆ ಲೋರಿಸ್ ಹನ್ನೆರಡು ಪಾತ್ರೆಗಳ ಹೊಳೆಯುವ ಸೆಟ್ಟನ್ನು ಮೇಜಿನ ಮೇಲೆ ದೇವರಂತೆ ಜೋಡಿಸಿ ಪೂಜೆ ಶುರುಮಾಡಿದ.

"ಅಮ್ಮಂದಿರೇ, ಈ ಪಾತ್ರೇಲಿ ಎಣ್ಣೆ ಇಲ್ದೆ, ಉಪ್ಪಿಲ್ದೆ ಅಡುಗೆ ಆಗತ್ತೆ!"

"ಆಗತ್ತೆ ಮಗಾ, ತಿನ್ನೋದು ಯಾರು?" ಎಂದಳು ಇನೆಸ್. ಇವಳು ಗುಂಡಗೆ, ಮೋಟು ಮೂಗಿನವಳು, ನಾಲಿಗೆ ಮಾತ್ರ ಉದ್ದ.

ಲೋರಿಸ್ ನಕ್ಕ ಹಾಗೆ ಮಾಡಿದ. "ನೂರು ವರ್ಷ ತಿಕ್ಕಿದ್ರೂ ಒಂದೇ ಒಂದು ಗೀರು ಬಿದ್ರೆ ನನ್ನ ಹೆಸರು ಬದಲಾಯಿಸಿ!"

ಅದಾಲ್ಜಿಸಾ ಎದ್ದು ನಿಂತಳು. ಮೂರು ಪ್ರಯಾಣದಲ್ಲಿ ಪಾತ್ರೆಯವರ ಮುಂದೆ ಅವಳು ಎದ್ದು ನಿಂತದ್ದು ಇದೇ ಮೊದಲಂತೆ.

"ನಾವು ಹಳ್ಳಿಯವ್ರಪ್ಪ. ನಮ್ಮಮ್ಮನ ಕಾಲದಿಂದ ಪಾತ್ರೆ ಪರೀಕ್ಷೆ ಮಾಡೋದು ಮರಳಲ್ಲಿ ತಿಕ್ಕಿ. ಗೀರು ಬೀಳ್ದಿದ್ರೆ ಒಂದು ಸೆಟ್ಟು ನಂದು."

"ನಂದೂ ಒಂದು," ಎಂದಳು ಇನೆಸ್. ಹಿಂದಿನಿಂದ ಕ್ವಿಂತಿನಾ ಎಂಬವಳು ಕೈ ಎತ್ತಿದಳು. ಇನ್ನೂ ಇಬ್ಬರು ಎತ್ತಿದರು.

ಲೋರಿಸನ ಕಣ್ಣು ಪಾತ್ರೆಗಿಂತ ಹೆಚ್ಚು ಹೊಳೆಯಿತು. "ಈಗ ಮರಳು ಎಲ್ಲಿಂದ ತರೋಣ ತಾಯೀ?"

"ಎದುರಿಗೇ ಇದೆ. ಬಲು ನುಣುಪು ಮರಳು. ಬೆಳಿಗ್ಗೆ ಮುಟ್ಟಿ ನೋಡ್ದೆ."

ಅವಳ ಕಣ್ಣು ಪಾತ್ರೆಯ ಮೇಲಲ್ಲ, ಆ ಮರಳಿನಡಿಯ ನೆಲದ ಮೇಲೆ ಎಂದು ನನಗೆ ಆಗ ತಿಳಿಯಿತು. ತಿಳಿದು ಪ್ರಯೋಜನವೇನು? ಕಾವಲುಗಾರ ತಡೆಯುತ್ತಾನೆಂಬ ಆಸೆಯೊಂದಿತ್ತು. ಗೇಟಿನ ಗೂಡಿನಲ್ಲಿ ನಾತ್ಸರೇನೊ ರೇಡಿಯೊಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ್ದ. ಭಾನುವಾರ, ಎರಡೂವರೆ, ಫುಟ್‌ಬಾಲ್. ನಮ್ಮ ದೇಶದಲ್ಲಿ ಆ ಒಂದೂವರೆ ಗಂಟೆ ಚಕ್ರವರ್ತಿಯ ಗೋರಿಯನ್ನೇ ಹೊತ್ತೊಯ್ದರೂ ಕೇಳುವವರಿಲ್ಲ. ಐವರು ಹೆಂಗಸರು, ಹನ್ನೆರಡು ಪಾತ್ರೆ, ಒಬ್ಬ ಮಾರಾಟಗಾರ, ಒಬ್ಬ ಗೈಡು ಅವನೆದುರೇ ಸಾಗಿ ಹೋದೆವು. ಅವನು ಕಣ್ಣು ಬಿಡದೆ "ಸದ್ದು ಮಾಡ್ಬೇಡಿ!" ಎಂದ.

ಸ್ನಾನದ ಮನೆಯಲ್ಲಿ ಅದಾಲ್ಜಿಸಾ ಶಾಲನ್ನು ಸೊಂಟಕ್ಕೆ ಬಿಗಿದಳು. "ಮಗಳೇ, ದೇವಿ ಎಲ್ಲಿ ಬರ್ತಾಳೆ?"

"ಅಮ್ಮ, ನನ್ನ ಲೈಸೆನ್ಸು ಹೋಗತ್ತೆ."

"ಹೋದ್ರೆ ಪಾತ್ರೆ ಮಾರು. ಎಲ್ಲಿ?"

ನಾನು ಬೇಕೆಂದೇ ಕುದುರೆಯ ಬಾಲದ ಕಡೆ ಕೈ ತೋರಿಸಿದೆ. ಅಲ್ಲಿಂದ ಶುರುಮಾಡಿದರೆ ಮುಖಕ್ಕೆ ಬರುವಷ್ಟರಲ್ಲಿ ಆಟ ಮುಗಿದು ನಾತ್ಸರೇನೊ ಎದ್ದಾನು ಎಂಬ ಲೆಕ್ಕ. ಆದರೆ ಐವತ್ತು ವರ್ಷ ಹೊಲ ಗೆಯ್ದ ಕೈಗಳ ಲೆಕ್ಕ ನನಗೆ ಗೊತ್ತಿರಲಿಲ್ಲ. ದೊಡ್ಡ ಪಾತ್ರೆಯಲ್ಲಿ ಮೊಗೆದರು, ಬಾಣಲೆಯಲ್ಲಿ ತಳ್ಳಿದರು, ಮುಚ್ಚಳದಲ್ಲಿ ಗೋರಿದರು. ಬಟ್ಟೆಯನ್ನು ಸುತ್ತುತ್ತಾ ಹೋದರು. "ಕಲ್ಲಿಗೆ ತಗಲೀತು, ಮೆಲ್ಲಗೆ!" ಎಂದು ನಾನು ಬೊಬ್ಬೆ ಹೊಡೆದರೆ "ನಾವು ಗಾರೆಯವರ ಹೆಂಡ್ರು, ನಮಗೆ ಹೇಳ್ತೀಯಾ?" ಎಂದಳು ಕ್ವಿಂತಿನಾ. ಲೋರಿಸ್ ಒಂದು ಮುಚ್ಚಳವನ್ನು ಎದೆಗವಚಿಕೊಂಡು ಇಂಗು ತಿಂದ ಮಂಗನಂತೆ ನಿಂತಿದ್ದ. ಗೂಡಿನಿಂದ "ಗೋಲ್!" ಎಂಬ ಕೂಗು ಬಂದಾಗ ಎಲ್ಲರೂ ಇದ್ದಲ್ಲೇ ಕಲ್ಲಾದರು, ಕೂಗು ಅಡಗಿದೊಡನೆ ಮತ್ತೆ ಮೊಗೆದರು.

ಬಾಲ ಬಂತು. ಕುದುರೆಯ ಬೆನ್ನು ಬಂತು. ದೇವಿಯ ತೊಡೆ ಬಂತು, ಇನೆಸ್ ಸಿಳ್ಳೆ ಹಾಕಿದಳು. ತೋಳು ಬಂದಾಗ ಅದಾಲ್ಜಿಸಾ ಮಂಡಿಯೂರಿ, "ಎಲ್ಲ ದೂರ ಸರೀರಿ, ಇಲ್ಲಿಂದ ಮುಂದಕ್ಕೆ ನಾನೇ ತೆಗೀತೀನಿ," ಎಂದಳು.

"ನೀನ್ಯಾಕೆ? ನಾನು ತೆಗೀತೀನಿ," ಎಂದಳು ಇನೆಸ್.

"ಅದು ನನ್ನ ಮುಖ ಕಣೇ!"

"ನಿಂದಾ? ನನ್ನ ಗಂಡ ನನ್ನ ಕೈ ಹಿಡಿದು ಆಣೆ ಮಾಡಿದಾನೆ, ಥೇಟ್ ನನ್ನದೇ ಮುಖ ಅಂತ! ದಿನಾ ಬೆಳಿಗ್ಗೆ ಒರೆಸಿನೇ ಕೆಲಸಕ್ಕೆ ಇಳೀತಿದ್ನಂತೆ!"

ಅದಾಲ್ಜಿಸಾಳ ಕೈ ನಿಂತಿತು. ಹಿಂದೆ ಕ್ವಿಂತಿನಾಳ ಕೈಯಿಂದ ಬಾಣಲೆ ಜಾರಿ ಠಣ್ಣೆಂದಿತು.

"ನಿನ್ನ ಗಂಡನೂ ಹೇಳಿದ್ನಾ?" ಎಂದು ಅವಳ ಕಡೆ ತಿರುಗಿದಳು ಇನೆಸ್.

"ಆಗಸ್ಟಿನಲ್ಲಿ," ಎಂದಳು ಕ್ವಿಂತಿನಾ ಸಣ್ಣ ದನಿಯಲ್ಲಿ. "ನಮ್ಮ ಅಂಜೂರದ ಮರದ ಕೆಳಗೆ."

ಉಳಿದಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರನ್ನು ಕೇಳುವ ಅಗತ್ಯವೇ ಇರಲಿಲ್ಲ. ಹನ್ನೆರಡು ಗಂಡಸರು ಹದಿನೈದು ದಿನಕ್ಕೊಮ್ಮೆ ಒಂದೇ ಲಾರಿಯಲ್ಲಿ ಊರಿಗೆ ಬರುವಾಗ ಒಂದೇ ಮಾತನ್ನು ಹಂಚಿಕೊಂಡು ತಂದಿದ್ದರು. ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದ ಹಾಗೆ ಮಾಡಿದೆ.

"ಕಳ್ಳ ಮುಂಡೇವು," ಎಂದಳು ಇನೆಸ್. "ಬರ್ಲಿ ನೋಡೇ ಬಿಡೋಣ, ಯಾರ ಗಂಡ ನಿಜ ಹೇಳ್ದ ಅಂತ." ಐದು ಜೊತೆ ಕೈಗಳು ಒಟ್ಟಿಗೆ ಮರಳನ್ನು ಸರಿಸಿದವು. ಭುಜ, ಕತ್ತು, ಹಾರುವ ಕೂದಲು. ನಡುವೆ ಊಟದ ತಟ್ಟೆಯಗಲದ ಬೂದು ಬಣ್ಣದ ಗಾರೆ.

ಅದಾಲ್ಜಿಸಾ ಶಾಲಿನ ತುದಿಯಿಂದ ಅದನ್ನು ಒರೆಸಿದಳು, ಇನ್ನೊಮ್ಮೆ ಒರೆಸಿದಳು. ಅಡಿಯಲ್ಲಿ ಏನೋ ಇದ್ದೀತು ಎಂಬಂತೆ ಒರೆಸುತ್ತಲೇ ಇದ್ದಳು. ಅದನ್ನು ನೋಡಲಾಗಲಿಲ್ಲ ನನಗೆ.

"ಆಗ ಇತ್ತು," ಎಂದುಬಿಟ್ಟೆ. "ನಿಮ್ಮ ಯಜಮಾನರು ಅಗೆದಾಗ ಮುಖ ಇತ್ತು. ಆಮೇಲೆ ಯುದ್ಧದಲ್ಲಿ ಒಡೆದುಹೋಯ್ತು. ಸರ್ಕಾರದವರು ಗಾರೆ ಹಾಕಿದ್ರು." ಇಪ್ಪತ್ತು ವರ್ಷದ ಜಂಭ ಒಂದು ಉಸಿರಿನಲ್ಲಿ ಹೋಯಿತು. ಬೇಸರವೇನೂ ಆಗಲಿಲ್ಲ.

"ಹಾಳು ಯುದ್ಧ," ಎಂದು ಇನೆಸ್ ಮೂಗೊರೆಸಿಕೊಂಡಳು. "ಹೇಗಿತ್ತಂತೆ? ಮೂಗು ಸ್ವಲ್ಪ ಮೋಟು ಇತ್ತಲ್ವಾ?"

ಐವರೂ ನನ್ನನ್ನೇ ನೋಡಿದರು. ಅಡ್ಡಗೋಡೆಯ ಮೇಲೆ ದೀಪವಿಡಲು ಬಾಯಿ ತೆರೆಯುವಷ್ಟರಲ್ಲಿ ಅದಾಲ್ಜಿಸಾ ಅಡ್ಡ ಬಂದಳು. "ಅವಳಿಗೇನು ಗೊತ್ತು, ಆಗ ಹುಟ್ಟೇ ಇರ್ಲಿಲ್ಲ. ನೋಡ್ದವ್ರೆಲ್ಲ ಮಣ್ಣಾದ್ರು. ಆಟ ಮುಗಿಯೋ ಹೊತ್ತಾಯ್ತು, ಮುಚ್ಚಿ ಮುಚ್ಚಿ."

ಬಟ್ಟೆ ಹಾಸಿ ಮರಳು ಎಳೆಯುವಾಗ ಅವಳು ನನ್ನ ಹತ್ತಿರ ಸರಿದಳು.

"ನಲವತ್ತು ವರ್ಷ ಗಾರೆಯವನ ಬಟ್ಟೆ ಒಗೆದಿದೀನಿ ಮಗಳೇ. ಆ ಗಾರೆ ಯುದ್ಧದ ಕಾಲದ್ದಲ್ಲ. ಇಟ್ಟಿಗೆ ಪುಡಿ ಹಾಕಿ ಕಲಸಿದ್ದು, ಹಳೇ ಕಾಲದ್ದು. ಅವನು ಅಗೆದಾಗಲೂ ಅಲ್ಲಿ ಮುಖ ಇರ್ಲಿಲ್ಲ."

ನಾನು ತಲೆ ತಗ್ಗಿಸಿದೆ.

"ಸುಳ್ಳು ಹೇಳೋಕೆ ನಿನಗೆ ಬರಲ್ಲ. ಸೆತ್ತಿಮಿಯೊ ಎಷ್ಟು ಚೆನ್ನಾಗಿ ಹೇಳ್ತಿದ್ದ!" ಎಂದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು, ಯಾವುದನ್ನು ನಂಬಬೇಕೋ ನನಗೆ ತಿಳಿಯಲಿಲ್ಲ.

ಪಾತ್ರೆಯ ಮೇಲೆ ಹತ್ತಿಪ್ಪತ್ತು ಗೀರು ಬಿದ್ದಿದ್ದವು. ಅದನ್ನು ಐವರೂ ಲೋರಿಸನಿಗೆ ಒಂದೊಂದಾಗಿ ತೋರಿಸಿ, ಅವನ ಹೆಸರು ಬದಲಾಯಿಸಿ, ಏನನ್ನೂ ಕೊಳ್ಳದೆ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಬೆಳಿಗ್ಗೆಯಿಂದ ಒಬ್ಬಳೇ ಕೂತಿದ್ದ ವೇಲಿಯಾ, ಅದಾಲ್ಜಿಸಾ ಪಕ್ಕದಿಂದ ಹಾದುಹೋಗುವಾಗ ಅವಳ ಶಾಲಿನ ಚುಂಗು ಹಿಡಿದಳು. ಹನ್ನೊಂದು ವರ್ಷದ ಮೇಲೆ ಮೊದಲ ಮಾತು ಹೊರಡಲು ತುಸು ಹೊತ್ತು ಹಿಡಿಯಿತು.

"ಸ್ನಾನದ ಮನೆಗೆ ಹೋಗಿದ್ರಂತೆ. ಅಲ್ಲಿ ನೆಲದ ಮೇಲೆ ಒಬ್ಬಳು ದೇವಿ ಇದಾಳಲ್ಲ... ಅವಳ ಮುಖ ಹೇಗಿದೆ?"

ಇನೆಸ್ ಬಾಯಿ ತೆರೆದಳು. ಅದಾಲ್ಜಿಸಾ ಹಿಂದಕ್ಕೆ ತಿರುಗದೆಯೇ ಅವಳ ಕಾಲು ತುಳಿದಳು. ಆಮೇಲೆ ಬಗ್ಗಿ ವೇಲಿಯಾಳ ಮುಖವನ್ನು, ಆ ಸುಕ್ಕುಗಳನ್ನು, ಎರಡು ಕಣ್ಣುಗಳನ್ನು ಸಾವಕಾಶವಾಗಿ ನೋಡಿದಳು.

"ಥೇಟ್ ನೀನೇ ಕಣೇ," ಎಂದಳು.